ಕರ್ತೃಪದವಿಲ್ಲದ ವಾಕ್ಯ: ಸಭೆಯ ಪತ್ರ, ನಡಾವಳಿ, ವರದಿಗಳ ಬರವಣಿಗೆಯನ್ನು ಕುರಿತು

ಸಭಾಪಾಲಕರ ಮಾತುಗಳಲ್ಲಿ ಬಹುಕಾಲ ಉಳಿಯುವುದು ಪ್ರಸಂಗವಲ್ಲ. ಕಡತಕ್ಕೆ ಸೇರಿದ ಕಾಗದ. ಭಾನುವಾರದ ಪ್ರಸಂಗವನ್ನು ಕೇಳಿದವರಲ್ಲಿ ಎಷ್ಟು ಮಂದಿ ಅದನ್ನು ಬುಧವಾರದವರೆಗೆ ನೆನಪಿನಲ್ಲಿಟ್ಟುಕೊಳ್ಳುತ್ತಾರೆಂಬುದನ್ನು ನಾವು ವಿಚಾರಿಸುವುದು ಬೇಡ. ಆದರೆ ಸಮಿತಿಯ ನಡಾವಳಿ ಪುಸ್ತಕ, ಸಂಬಳದ ಆದೇಶ, ವರ್ಗಾವಣೆಯ ಪತ್ರ, ದೇಣಿಗೆಯ ಮನವಿ, ವಾರ್ಷಿಕ ವರದಿ ಇವೆಲ್ಲವೂ ಬರೆದವರು ನಿವೃತ್ತರಾದ ಮೇಲೂ ಕಪಾಟಿನಲ್ಲಿರುತ್ತವೆ. ಸಭೆಯ ಜಮೀನಿನ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿದಾಗ ವಕೀಲರು ಕೇಳುವುದು ನಡಾವಳಿ ಪುಸ್ತಕವನ್ನೇ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಪ್ರಕಾರ ನಾವು ತುಂಬಿದ ದಾಖಲೆಯ ಮೇಲೆ ಒಬ್ಬ ಹೆಣ್ಣುಮಗಳ ಹಕ್ಕು ನಿಂತಿರಬಹುದು. ಹೀಗಿದ್ದೂ ಪ್ರಸಂಗ ಶಾಸ್ತ್ರಕ್ಕೆ ನಮ್ಮ ಸೆಮಿನರಿಗಳಲ್ಲಿ ಅವಧಿಗಳ ಮೇಲೆ ಅವಧಿಗಳು ಮೀಸಲಿವೆ. ಪತ್ರ ಬರೆಯುವುದನ್ನು ಮಾತ್ರ ಪ್ರತಿಯೊಬ್ಬರೂ ಹಳೆಯ ಕಡತವನ್ನು ನೋಡಿ ತಾವಾಗಿಯೇ ಕಲಿತುಕೊಳ್ಳಬೇಕು. ಹಳೆಯ ಕಡತವೋ ಅದಕ್ಕಿಂತ ಹಳೆಯ ಕಡತವನ್ನು ನೋಡಿ ಬರೆದದ್ದು.

ಈ ಲೇಖನದಲ್ಲಿ ನಾವು ಚರ್ಚಿಸಬಯಸುವುದು ಅಲಂಕಾರವನ್ನಲ್ಲ. ಸಭೆಯ ದೈನಂದಿನ ಗದ್ಯದಲ್ಲಿ ಸತ್ಯ ಎಲ್ಲಿ ಸೋರಿಹೋಗುತ್ತದೆ, ಅದನ್ನು ತಡೆಯುವ ಬಗೆ ಏನು ಎಂಬುದಷ್ಟೇ ನಮ್ಮ ವಿಷಯ. ಇದಕ್ಕೆ ಹೊರಗಿನ ಕೈಪಿಡಿಗಳನ್ನು ಹುಡುಕಬೇಕಾಗಿಲ್ಲ. ಹೊಸ ಒಡಂಬಡಿಕೆಯ ಬಹುಭಾಗ ಪತ್ರಗಳಿಂದಲೇ ಕೂಡಿದೆ. ಅವುಗಳಲ್ಲಿ ಕೆಲವು ಅಪ್ಪಟ ವ್ಯವಹಾರದ ಪತ್ರಗಳು. ನಾವು ಅವುಗಳನ್ನು ಸಿದ್ಧಾಂತಕ್ಕಾಗಿ ಓದಿದ್ದೇವೆಯೇ ಹೊರತು ಪತ್ರಗಳೆಂದು ಓದಿದ್ದು ಕಡಿಮೆ.

ಮೊದಲು ಒಂದು ಸರಕಾರಿ ಪತ್ರವನ್ನು ತೆಗೆದುಕೊಳ್ಳೋಣ. ಅಪೊಸ್ತಲರ ಕೃತ್ಯಗಳು 23:26-30ರಲ್ಲಿ ಸಹಸ್ರಾಧಿಪತಿ ಕ್ಲೌದ್ಯ ಲೂಸ್ಯನು ದೇಶಾಧಿಪತಿ ಫೇಲಿಕ್ಸನಿಗೆ ಬರೆದ ಪತ್ರವನ್ನು ಲೂಕನು ಕೊಡುತ್ತಾನೆ. ಐದೇ ವಚನಗಳು. ಬರೆಯುವವನ ಹೆಸರು, ಓದುವವನ ಹೆಸರು ಮತ್ತು ಪದವಿ, ವಂದನೆ. ಬಳಿಕ ನಡೆದದ್ದೇನು, ತಾನು ಮಾಡಿದ್ದೇನು, ವಿಚಾರಣೆಯಲ್ಲಿ ಕಂಡದ್ದೇನು, ಈಗ ಕಳುಹಿಸುತ್ತಿರುವುದೇಕೆ, ಫಿರ್ಯಾದಿಗಳಿಗೆ ಏನು ಹೇಳಿದ್ದೇನೆ ಎಂಬ ಕ್ರಮ. ರೂಪದ ದೃಷ್ಟಿಯಿಂದ ಇದು ಮೇಲ್ಪಂಕ್ತಿಯ ವರದಿ. ಯಾವ ಮೇಲಧಿಕಾರಿಯಾದರೂ ಇದನ್ನು ಅರ್ಧ ನಿಮಿಷದಲ್ಲಿ ಓದಿ ವಿಷಯವನ್ನು ಗ್ರಹಿಸಬಲ್ಲನು.

ಆದರೆ ಒಂದು ಮಾತು ಸುಳ್ಳು. ಪೌಲನು ರೋಮಾಪುರದ ಹಕ್ಕುದಾರನೆಂದು ತಿಳಿದು ತಾನು ಸಿಪಾಯಿಗಳೊಡನೆ ಬಂದು ಅವನನ್ನು ಬಿಡಿಸಿದೆನೆಂದು ಲೂಸ್ಯನು ಬರೆಯುತ್ತಾನೆ. ಎರಡು ಅಧ್ಯಾಯಗಳಷ್ಟು ಹಿಂದಕ್ಕೆ ಹೋದರೆ ಬೇರೆಯೇ ಸಂಗತಿ ಕಾಣುತ್ತದೆ. ಅವನು ಬಂದಾಗ ಪೌಲನು ಯಾರೆಂಬುದೇ ಅವನಿಗೆ ಗೊತ್ತಿರಲಿಲ್ಲ. ದಂಗೆಯೆಬ್ಬಿಸಿದ ಒಬ್ಬ ಐಗುಪ್ತ್ಯನೆಂದು ಭಾವಿಸಿದ್ದನು. ಎರಡು ಸರಪಣಿಗಳಿಂದ ಕಟ್ಟಿಸಿದನು. ಕೊರಡೆಗಳಿಂದ ಹೊಡೆದು ವಿಚಾರಿಸುವಂತೆ ಅಪ್ಪಣೆ ಕೊಟ್ಟನು. ಕಟ್ಟಿಹಾಕಿದ ಮೇಲೆ ಪೌಲನೇ ಶತಾಧಿಪತಿಯನ್ನು ಪ್ರಶ್ನಿಸಿದ್ದರಿಂದ ಹಕ್ಕಿನ ಮಾತು ಹೊರಬಿತ್ತು. ಆಗ ಸಹಸ್ರಾಧಿಪತಿಗೆ ಭಯ ಹಿಡಿಯಿತು (22:24-29). ಪತ್ರದಲ್ಲಿ ಸರಪಣಿಯಿಲ್ಲ, ಕೊರಡೆಯಿಲ್ಲ, ಭಯವೂ ಇಲ್ಲ. ನಡೆದ ಘಟನೆಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇವೆ. ಕ್ರಮವನ್ನು ಮಾತ್ರ ಅವನು ಹಿಂದುಮುಂದು ಮಾಡಿದ್ದಾನೆ. ನಂತರ ತಿಳಿದದ್ದನ್ನು ಮೊದಲೇ ತಿಳಿದಿದ್ದಂತೆ ಬರೆದಿದ್ದಾನೆ, ಅಷ್ಟೇ.

ಲೂಕನು ಇದರ ಮೇಲೆ ಒಂದು ಟೀಕೆಯನ್ನೂ ಮಾಡುವುದಿಲ್ಲ. ಘಟನೆಯನ್ನೂ ಪತ್ರವನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಮುಂದೆ ಹೋಗುತ್ತಾನೆ. ಕಾಲಾನುಕ್ರಮವನ್ನು ತಿರುಚುವುದು ವರದಿ ಬರೆಯುವವರ ಅತ್ಯಂತ ಸುಲಭವಾದ ಪ್ರಲೋಭನೆಯೆಂದು ನಮಗೆ ತೋರುತ್ತದೆ, ಏಕೆಂದರೆ ಅದರಲ್ಲಿ ಒಂದು ಸುಳ್ಳು ಸಂಗತಿಯನ್ನೂ ಹೊಸದಾಗಿ ಕಲ್ಪಿಸಬೇಕಾಗಿಲ್ಲ. ವಿದ್ಯಾರ್ಥಿನಿಲಯದಲ್ಲಿ ಮಕ್ಕಳು ಕಾಯಿಲೆ ಬಿದ್ದರು. ಪಾಲಕರು ದೂರು ಕೊಟ್ಟರು. ಆ ಬಳಿಕ ಆಡಳಿತ ಸಮಿತಿಯು ನೀರಿನ ತೊಟ್ಟಿಯನ್ನು ತೊಳೆಯಿಸಿತು ಎಂದಿಟ್ಟುಕೊಳ್ಳಿ. ವರದಿಯಲ್ಲಿ ಅದು ‘ಮಕ್ಕಳ ಆರೋಗ್ಯದ ಹಿತದೃಷ್ಟಿಯಿಂದ ತೊಟ್ಟಿಯನ್ನು ಶುಚಿಗೊಳಿಸಲಾಗಿದೆ, ಪಾಲಕರ ಸಹಕಾರವನ್ನೂ ಪಡೆಯಲಾಗಿದೆ’ ಎಂದಾಗುತ್ತದೆ. ಒಂದೊಂದು ಪದವನ್ನೂ ಸಮರ್ಥಿಸಿಕೊಳ್ಳಬಹುದು. ಒಟ್ಟು ಅರ್ಥ ಮಾತ್ರ ಲೂಸ್ಯನ ಪತ್ರದ್ದೇ. ಆದುದರಿಂದ ಘಟನೆಯ ವರದಿಯನ್ನು ಬರೆಯುವಾಗ ಮೊದಲು ಬೇರೊಂದು ಹಾಳೆಯ ಮೇಲೆ ದಿನಾಂಕಗಳನ್ನು ಮಾತ್ರ ಕ್ರಮವಾಗಿ ಬರೆದುಕೊಂಡು, ಆ ಕ್ರಮವನ್ನು ಮುರಿಯದೆ ವಾಕ್ಯಗಳನ್ನು ಕಟ್ಟಬೇಕೆಂಬುದು ನಮ್ಮ ಸಲಹೆ. ಯಾವಾಗ ತಿಳಿಯಿತು ಎಂಬುದಕ್ಕೂ ಒಂದು ದಿನಾಂಕವಿರಬೇಕು. ನಾವು ಸಾಮಾನ್ಯವಾಗಿ ಬಿಟ್ಟುಬಿಡುವುದು ಅದನ್ನೇ.

ಮೇಲಿನ ಉದಾಹರಣೆಯಲ್ಲಿ ‘ಶುಚಿಗೊಳಿಸಲಾಗಿದೆ’, ‘ಪಡೆಯಲಾಗಿದೆ’ ಎಂಬ ರೂಪಗಳನ್ನು ವಾಚಕರು ಗಮನಿಸಿರಬಹುದು. ನಮ್ಮ ಸಭೆಗಳ ಕಡತಗಳಲ್ಲಿ ಈ ‘-ಲಾಗಿದೆ’, ‘-ಲಾಯಿತು’, ‘-ಲಾಗುವುದು’ಗಳದೇ ರಾಜ್ಯ. ಚರ್ಚಿಸಲಾಯಿತು, ತೀರ್ಮಾನಿಸಲಾಯಿತು, ಸೂಕ್ತ ಕ್ರಮ ಕೈಗೊಳ್ಳಲಾಗುವುದು. ವ್ಯಾಕರಣದಲ್ಲಿ ಇದನ್ನು ಶುದ್ಧ ಕರ್ಮಣಿ ಪ್ರಯೋಗವೆಂದು ಎಣಿಸಬೇಕೋ ಬೇಡವೋ ಎಂಬ ಚರ್ಚೆ ಪಂಡಿತರಿಗಿರಲಿ. ಅದು ಮಾಡುವ ಕೆಲಸ ಕರ್ತೃವನ್ನು ಮರೆಮಾಡುವುದು. ಮನೆಯಲ್ಲಿ ಯಾರೂ ‘ಅನ್ನ ಮಾಡಲಾಗಿದೆ, ಊಟಕ್ಕೆ ಬರತಕ್ಕದ್ದು’ ಎನ್ನುವುದಿಲ್ಲ. ಈ ಭಾಷೆ ನಮಗೆ ಬಂದದ್ದು ತಾಲೂಕು ಕಚೇರಿಯಿಂದ. ಸದರಿ, ಮೇಲ್ಕಾಣಿಸಿದ, ತತ್ಸಂಬಂಧವಾಗಿ ಎಂಬ ಪರಿವಾರವೂ ಅದರ ಬೆನ್ನಿಗೇ ಬಂತು. ಕನ್ನಡ ಸಭೆಗೆ ಬೇರೊಂದು ಪರಂಪರೆಯೂ ಇತ್ತೆಂಬುದನ್ನು ನಾವು ಮರೆಯಬಾರದು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಕನ್ನಡದ ಮೊದಲ ವೃತ್ತಪತ್ರಿಕೆ ಅದು. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಯಿತು. ಪರಭಾಷೆಯವರಾಗಿ ಬಂದು ಜನರ ಬಾಯಿಂದ ಕನ್ನಡ ಕಲಿತವರು ವರ್ತಮಾನವನ್ನು ಕನ್ನಡದಲ್ಲಿ ಹೇಳಲು ಹೊರಟ ಕಾಲವದು. ಆ ಪರಂಪರೆಯ ವಾರಸುದಾರರಾದ ನಾವು ಈಗ ಗುಮಾಸ್ತರ ಕನ್ನಡಕ್ಕೆ ಜೋತುಬಿದ್ದಿರುವುದು ವಿಷಾದಕರ.

ಆದರೆ ಕರ್ತೃಪದವಿಲ್ಲದ ವಾಕ್ಯದ ಸಮಸ್ಯೆ ಶೈಲಿಯಲ್ಲಿ ಮುಗಿಯುವಂಥದ್ದಲ್ಲ. ಸುವಾರ್ತೆಗಳ ಗ್ರೀಕ್ ಮೂಲದಲ್ಲಿ ಕರ್ಮಣಿ ಪ್ರಯೋಗಕ್ಕೆ ಒಂದು ವಿಶೇಷ ಗೌರವವಿದೆ. ಪರ್ವತ ಪ್ರಸಂಗದಲ್ಲಿ ದುಃಖಿಸುವವರಿಗೆ ಸಮಾಧಾನವಾಗುವುದೆಂದೂ ಹಸಿದವರಿಗೆ ತೃಪ್ತಿಯಾಗುವುದೆಂದೂ ಯೇಸು ಹೇಳುವಾಗ (ಮತ್ತಾಯ 5:4, 6) ಮಾಡುವವನು ಯಾರೆಂದು ಹೇಳುವುದಿಲ್ಲ. ದೇವರೆಂಬುದು ಕೇಳುವವರಿಗೆ ಗೊತ್ತು. ದೇವರ ಹೆಸರನ್ನು ಉಚ್ಚರಿಸಲು ಹಿಂಜರಿಯುವ ಯೆಹೂದ್ಯ ಭಕ್ತಿಯ ಹಿನ್ನೆಲೆಯಲ್ಲಿ ಜರ್ಮನ್ ವಿದ್ವಾಂಸ ಯೋಆಕಿಮ್ ಯೆರೆಮಿಯಾಸರು ಇದನ್ನು ವಿವರಿಸಿದ್ದಾರೆ. ‘ದೈವಿಕ ಕರ್ಮಣಿ’ ಎಂಬ ಹೆಸರಿನಿಂದ ನಮ್ಮ ವಿದ್ಯಾರ್ಥಿಗಳು ಅದನ್ನು ಬಲ್ಲರು. ಹಾಗಾದರೆ ಸಮಿತಿಯ ಹತ್ತು ಮಂದಿ ಮನುಷ್ಯರು ತಾವು ಮಾಡಿದ್ದನ್ನು ‘ತೀರ್ಮಾನಿಸಲಾಯಿತು’ ಎಂದು ಬರೆದಾಗ ಏನಾಗುತ್ತದೆ? ದೇವರಿಗೆ ಮೀಸಲಾದ ಮರೆಯಲ್ಲಿ ಅವರು ನಿಂತುಕೊಳ್ಳುತ್ತಾರೆ. ತೀರ್ಮಾನವು ಮೇಲಿನಿಂದ ಇಳಿದುಬಂದಂತೆ ತೋರುತ್ತದೆ. ಅದನ್ನು ಪ್ರಶ್ನಿಸಬೇಕೆನ್ನುವವನಿಗೆ ಯಾರ ಬಾಗಿಲು ತಟ್ಟಬೇಕೆಂದು ತಿಳಿಯುವುದಿಲ್ಲ.

ಒಂದು ನಡಾವಳಿಯನ್ನು ಊಹಿಸಿಕೊಳ್ಳೋಣ: ‘ಸದರಿ ವಿಷಯವನ್ನು ಕೂಲಂಕಷವಾಗಿ ಚರ್ಚಿಸಲಾಗಿ, ಕಾವಲುಗಾರರ ಸೇವೆಯನ್ನು ಮುಂದುವರಿಸದಿರಲು ಹಾಗೂ ತತ್ಸಂಬಂಧ ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು.’ ಇದನ್ನೇ ಹೀಗೆ ಬರೆಯೋಣ: ‘ಕಾವಲುಗಾರರನ್ನು ಮಾರ್ಚ್ 31ರಂದು ಸೇವೆಯಿಂದ ಬಿಡಿಸಲು ಸಮಿತಿಯು ನಿರ್ಣಯಿಸಿತು. ಏಳು ಮಂದಿ ಪರವಾಗಿದ್ದರು, ಮೂವರು ವಿರೋಧಿಸಿದರು. ಕಾರಣ: ಅವರ ಸಂಬಳಕ್ಕೆ ಮುಂದಿನ ವರ್ಷ ಹಣವಿಲ್ಲ, ಅವರ ಕೆಲಸದ ಮೇಲೆ ದೂರೇನೂ ಇಲ್ಲ. ಬಾಕಿಯಿರುವ ಎರಡು ತಿಂಗಳ ಸಂಬಳವನ್ನು ಖಜಾಂಚಿಯವರು ಏಪ್ರಿಲ್ 10ರೊಳಗೆ ಕೊಡುವರು. ನಿರ್ಣಯವನ್ನು ಸಭಾಪಾಲಕರು ಅವರ ಮನೆಗೆ ಹೋಗಿ ತಿಳಿಸುವರು.’

ಎರಡನೆಯದು ಉದ್ದವಾಗಿದೆ. ವ್ಯವಹಾರದ ಬರವಣಿಗೆ ಚಿಕ್ಕದಾಗಿದ್ದಷ್ಟೂ ಒಳ್ಳೆಯದೆಂಬ ಮಾತನ್ನು ನಾವು ಪೂರ್ತಿಯಾಗಿ ಒಪ್ಪುವುದಿಲ್ಲ. ಮೊದಲನೆಯದು ಚಿಕ್ಕದಾಗಿರುವುದು ಹೇಳಬೇಕಾದದ್ದನ್ನು ಹೇಳದೆ ಇರುವುದರಿಂದ. ಅದನ್ನು ಹತ್ತು ವರ್ಷಗಳ ನಂತರ ಓದುವವರು ಆ ಕಾವಲುಗಾರನು ಕಳ್ಳತನ ಮಾಡಿದನೆಂದು ಭಾವಿಸಿದರೂ ಭಾವಿಸಬಹುದು. ಅವನ ಮಗನು ಸಭೆಯ ಶಾಲೆಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿದಾಗ ಆ ಊಹೆ ಅಡ್ಡಬಂದರೂ ಬರಬಹುದು. ಇನ್ನೊಂದು ಸಂಗತಿ: ಎರಡನೆಯ ರೀತಿಯಲ್ಲಿ ಬರೆಯಲು ಕುಳಿತ ಕಾರ್ಯದರ್ಶಿಯು ಸಭೆ ಮುಗಿಯುವ ಮೊದಲೇ ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಬಾಕಿ ಎಷ್ಟು? ಕೊಡುವವರು ಯಾರು? ಹೇಳುವವರು ಯಾರು? ಆ ಪ್ರಶ್ನೆಗಳು ಎದ್ದಾಗ ಸಮಿತಿಯು ತನ್ನ ಮನಸ್ಸನ್ನೇ ಬದಲಾಯಿಸಿದರೆ ಆಶ್ಚರ್ಯವಿಲ್ಲ. ‘ಅವರ ಮನೆಗೆ ಹೋಗಿ’ ಎಂದು ಬರೆಯಲು ಯಾರಿಗೂ ಕೈ ಬರದಿದ್ದರೆ, ನಿರ್ಣಯವನ್ನು ಮತ್ತೊಮ್ಮೆ ಯೋಚಿಸಬೇಕಾದ ಹೊತ್ತು ಅದು.

ಎಲ್ಲ ಕಡೆಯೂ ಎಲ್ಲರ ಹೆಸರನ್ನೂ ಬರೆಯಬೇಕೆಂದು ನಾವು ಹೇಳುತ್ತಿಲ್ಲ. ನೊಂದವರ ಹೆಸರನ್ನು ಮರೆಮಾಡುವುದು ಅನೇಕ ಸಂದರ್ಭಗಳಲ್ಲಿ ಕರ್ತವ್ಯ. ಸಭಾಪಾಲಕರ ಬಳಿ ಒಬ್ಬರು ಅರಿಕೆ ಮಾಡಿಕೊಂಡದ್ದು ಯಾವ ಕಡತಕ್ಕೂ ಸೇರತಕ್ಕದ್ದಲ್ಲ. ಆದರೆ ನಮ್ಮ ರೂಢಿ ಇದಕ್ಕೆ ತದ್ವಿರುದ್ಧ: ದೂರು ಕೊಟ್ಟ ಬಡವಿಯ ಹೆಸರು, ತಂದೆಯ ಹೆಸರು, ಊರು ಎಲ್ಲವೂ ನಡಾವಳಿಯಲ್ಲಿರುತ್ತವೆ, ದೂರನ್ನು ತಳ್ಳಿಹಾಕಿದವರು ಮಾತ್ರ ‘-ಲಾಯಿತು’ವಿನೊಳಗೆ ಅಡಗಿರುತ್ತಾರೆ. ಹಿರಿಯರ ಮೇಲಿನ ಗೌರವದಿಂದ ಹೆಸರನ್ನು ಬಿಟ್ಟೆವೆಂಬ ಸಮಜಾಯಿಷಿಯೂ ನಿಲ್ಲುವುದಿಲ್ಲ. ಗೌರವ ತೋರಿಸಲು ಕನ್ನಡದಲ್ಲಿ ಬಹುವಚನವಿದೆ, ‘ಅವರು’ ಇದೆ.

ಇದಕ್ಕೆ ಪ್ರತಿಯಾಗಿ ಯೆರೂಸಲೇಮಿನ ಸಭೆಯು ಅಂತಿಯೋಕ್ಯ, ಸಿರಿಯ, ಕಿಲಿಕ್ಯಗಳ ಅನ್ಯಜನ ಸಹೋದರರಿಗೆ ಬರೆದ ಸುತ್ತೋಲೆಯನ್ನು ನೋಡಬೇಕು (ಅ.ಕೃ. 15:23-29). ತಮ್ಮೊಳಗಿಂದಲೇ ಕೆಲವರು ಹೊರಟುಹೋಗಿ, ತಮ್ಮ ಅಪ್ಪಣೆಯಿಲ್ಲದೆ, ನಿಮ್ಮನ್ನು ಕಳವಳಪಡಿಸಿದರೆಂದು ಆರಂಭದಲ್ಲಿಯೇ ಒಪ್ಪಿಕೊಳ್ಳುತ್ತಾರೆ. ತಪ್ಪು ತಮ್ಮ ಕಡೆಯವರದೆಂಬ ಮಾತನ್ನು ಮೂರನೆಯ ಪುಟಕ್ಕೆ ತಳ್ಳುವುದಿಲ್ಲ. ತೀರ್ಮಾನವನ್ನು ಹೇಳುವಾಗ ಪವಿತ್ರಾತ್ಮನ ಹೆಸರನ್ನೂ ‘ನಾವು’ ಎಂಬುದನ್ನೂ ಜೊತೆಜೊತೆಯಾಗಿ ಬರೆಯುತ್ತಾರೆ. ಆತ್ಮನ ಪ್ರೇರಣೆಯನ್ನು ಇಷ್ಟು ಧೈರ್ಯವಾಗಿ ಹೇಳಿಕೊಂಡವರು ಆ ಹೆಸರಿನ ಹಿಂದೆ ತಾವು ಮರೆಯಾಗಬಹುದಿತ್ತು. ಮರೆಯಾಗಲಿಲ್ಲ. ಬಳಿಕ ಬೇಕಾದವು ನಾಲ್ಕು ವಿಷಯಗಳೆಂದು ಎಣಿಸಿ ಹೇಳಿ ‘ಕ್ಷೇಮವಾಗಿರಿ’ ಎಂದು ನಿಲ್ಲಿಸುತ್ತಾರೆ. ಒಂದು ಯುಗದ ವಿವಾದವನ್ನು ತೀರಿಸಿದ ಪತ್ರ ಏಳು ವಚನಗಳದ್ದು.

ಸ್ಪಷ್ಟತೆಯ ವಿಷಯದಲ್ಲಿ ಫಿಲೆಮೋನನಿಗೆ ಬರೆದ ಪತ್ರ ಕಠಿಣವಾದ ಉದಾಹರಣೆ. ವಿನಂತಿಪತ್ರ ಹೇಗಿರಬೇಕೆಂಬುದಕ್ಕೆ ಅದಕ್ಕಿಂತ ಉತ್ತಮ ಮಾದರಿ ಸಿಕ್ಕಲಾರದು. ಇಪ್ಪತ್ತೈದು ವಚನಗಳು. ಸ್ತೋತ್ರ ಮೊದಲು, ವಿನಂತಿ ಆಮೇಲೆ. ಓನೇಸಿಮನ ಹೆಸರು ಬರುವುದೇ 10ನೆಯ ವಚನದಲ್ಲಿ. ಪತ್ರವು ಫಿಲೆಮೋನನೊಬ್ಬನಿಗಲ್ಲ, ಅಪ್ಫಿಯಳಿಗೂ ಅರ್ಖಿಪ್ಪನಿಗೂ ಅವನ ಮನೆಯಲ್ಲಿ ಕೂಡುವ ಸಭೆಗೂ ಸಂಬೋಧಿತವಾಗಿದೆ. ‘ಪ್ರತಿಗಳು’ ಎಂದು ನಾವು ಕೆಳಗೆ ಬರೆಯುವುದನ್ನು ಪೌಲನು ಮೇಲೆಯೇ ಬರೆದನು, ಅದರ ಒತ್ತಡವೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನಷ್ಟವಾಗಿದ್ದರೆ ತನ್ನ ಲೆಕ್ಕಕ್ಕೆ ಹಾಕೆಂದು ವ್ಯಾಪಾರಿಗಳ ಮಾತಿನಲ್ಲೇ ಹೇಳಿ, ತೀರಿಸುವೆನೆಂಬ ವಾಗ್ದಾನವನ್ನು ಸ್ವಂತ ಕೈಯಿಂದ ಬರೆದುಕೊಡುತ್ತಾನೆ (18-19). ಉಳಿದುಕೊಳ್ಳಲು ಸ್ಥಳ ಸಿದ್ಧಮಾಡು, ಬರುತ್ತೇನೆ ಎನ್ನುತ್ತಾನೆ (22). ವಿನಯದ ಜೊತೆಗೆ ತಪಾಸಣೆಯ ಸೂಚನೆಯೂ ಇದರಲ್ಲಿದೆ.

ಆದರೂ ಪೌಲನು ಖಚಿತವಾಗಿ ಕೇಳಿದ್ದೇನು? ಓನೇಸಿಮನನ್ನು ತನ್ನನ್ನೇ ಸೇರಿಸಿಕೊಳ್ಳುವಂತೆ ಸೇರಿಸಿಕೋ ಎಂದನು, ಇನ್ನು ಅವನು ದಾಸನಿಗಿಂತ ಉತ್ತಮನಾದ ಸಹೋದರನೆಂದನು. ಬಿಡುಗಡೆ ಪತ್ರವನ್ನು ಬರೆದುಕೊಡು ಎಂದು ಬಿಡಿಸಿ ಹೇಳಲಿಲ್ಲ. ಫಿಲೆಮೋನನಂಥ ಓದುಗನಿಗೆ ಅಷ್ಟು ಸಾಕಾಗಿತ್ತೇನೋ. ಆದರೆ ಪತ್ರವು ಮೊದಲ ಓದುಗನ ಕೈಯಲ್ಲೇ ಉಳಿಯುವುದಿಲ್ಲ. 19ನೆಯ ಶತಮಾನದ ಅಮೆರಿಕದಲ್ಲಿ ಗುಲಾಮಗಿರಿಯನ್ನು ಸಮರ್ಥಿಸಿದ ಕ್ರೈಸ್ತರು ಇದೇ ಪತ್ರವನ್ನು ಮುಂದಿಟ್ಟು, ತಪ್ಪಿಸಿಕೊಂಡವರನ್ನು ಯಜಮಾನರಿಗೆ ಹಿಂದಿರುಗಿಸುವುದು ಅಪೊಸ್ತಲನ ಮಾರ್ಗವೆಂದು ವಾದಿಸಿದರು. ವಿರೋಧಿಸಿದವರೂ ಇದನ್ನೇ ಓದಿ ಸಹೋದರತ್ವವನ್ನು ಎತ್ತಿಹಿಡಿದರು. ಪೌಲನ ಜಾಣ್ಮೆಯನ್ನು ನಾವು ಮೆಚ್ಚುತ್ತೇವೆ. ಆದರೆ ಅವನ ಅನುಕರಣೆಯಲ್ಲಿ, ಮೇಲಿನವರಿಗೆ ಬರೆಯುವ ನಮ್ಮ ಪತ್ರಗಳಲ್ಲಿ, ವಿನಂತಿಯನ್ನು ಸೌಜನ್ಯದ ಪದರಗಳಲ್ಲಿ ಸುತ್ತಿಡುವುದನ್ನು ಮೆಚ್ಚಲಾರೆವು. ವಿಧವೆಯೊಬ್ಬರ ನಿವೃತ್ತಿವೇತನಕ್ಕಾಗಿ ಸಭಾಪ್ರಾಂತ್ಯದ ಕಚೇರಿಗೆ ಬರೆಯುವ ಪತ್ರದಲ್ಲಿ ‘ತಾವು ದಯಾಪೂರ್ವಕವಾಗಿ ಪರಾಂಬರಿಸಬೇಕಾಗಿ’ ಎಂಬ ಪ್ರಾರ್ಥನೆ ಅರ್ಧ ಪುಟ ತುಂಬಿ, ಎಷ್ಟು ತಿಂಗಳ ಹಣ ಬಾಕಿ, ಯಾವ ದಿನಾಂಕದೊಳಗೆ ಯಾರ ಕೈಗೆ ಸೇರಬೇಕು ಎಂಬುದು ಕಾಣದಿದ್ದರೆ, ಆ ಪತ್ರದಿಂದ ಗೌರವ ಸಿಕ್ಕಿದ್ದು ಕಚೇರಿಗೆ, ವಿಧವೆಗೆ ಸಿಕ್ಕಿದ್ದೇನೂ ಇಲ್ಲ. ಕೇಳಬೇಕಾದದ್ದನ್ನು ಮೊದಲ ಪ್ಯಾರಾದಲ್ಲಿ, ಅಂಕೆ ಮತ್ತು ದಿನಾಂಕದೊಡನೆ, ಒಂದೇ ವಾಕ್ಯದಲ್ಲಿ ಕೇಳಿ. ವಿವರಣೆ ಬಳಿಕ ಬರಲಿ.

ದೇಣಿಗೆಯ ಮನವಿ ಮತ್ತು ಲೆಕ್ಕಪತ್ರದ ವಿಷಯದಲ್ಲಿ ಕೊರಿಂಥದವರಿಗೆ ಬರೆದದ್ದೇ ಸಾಕಷ್ಟಿದೆ. 1 ಕೊರಿಂಥ 16:1-4ರಲ್ಲಿ ಯಾವ ದಿನ, ಯಾರು, ಎಷ್ಟರ ಪ್ರಕಾರ, ಹಣವನ್ನು ಒಯ್ಯುವವರನ್ನು ಯಾರು ಆರಿಸಬೇಕು ಎಂಬುದೆಲ್ಲ ನಾಲ್ಕು ವಚನಗಳಲ್ಲಿದೆ. ಎರಡನೆಯ ಪತ್ರದಲ್ಲಿ ತೀತನ ಜೊತೆಗೆ ಇನ್ನಿಬ್ಬರನ್ನು ಕಳುಹಿಸುವ ಕಾರಣವನ್ನು ಪೌಲನು ಮುಚ್ಚಿಡುವುದಿಲ್ಲ: ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ತಮ್ಮ ಮೇಲೆ ಯಾರೂ ತಪ್ಪು ಹೊರಿಸಬಾರದು, ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲ, ಮನುಷ್ಯರ ದೃಷ್ಟಿಯಲ್ಲಿಯೂ ಸರಿಯಾಗಿರಬೇಕು (8:20-21). ದೇವರಿಗೆ ಲೆಕ್ಕ ಗೊತ್ತಿದೆ ಎಂಬ ಭಕ್ತಿಯ ಮಾತಿನಿಂದ ಖಜಾಂಚಿಯ ವರದಿಯನ್ನು ಮುಗಿಸುವವರು ಆ ವಚನದ ಎರಡನೆಯ ಅರ್ಧವನ್ನು ಓದಬೇಕು. ವಾರ್ಷಿಕ ವರದಿಗಳಲ್ಲಿ ‘ಅನೇಕ’, ‘ಹಲವಾರು’, ‘ಅಪಾರ’ ಎಂಬ ಪದಗಳು ಬಂದಲ್ಲೆಲ್ಲ ಒಂದು ಅಂಕೆಯನ್ನು ಬರೆಯಲು ಸಾಧ್ಯವೇ ಎಂದು ನೋಡಿ. ಸಾಧ್ಯವಿಲ್ಲದಿದ್ದರೆ ಆ ವಾಕ್ಯವನ್ನೇ ಹೊಡೆದುಹಾಕಿ. ‘ಫಲಾನುಭವಿಗಳು’ ಎಂಬ ಪದವನ್ನೂ ಸಾಧ್ಯವಾದಷ್ಟು ದೂರವಿಡುವುದು ಒಳ್ಳೆಯದು. ಹೊಲಿಗೆ ಕಲಿತ ಹದಿನಾಲ್ಕು ಮಂದಿ ಹೆಂಗಸರು ಹದಿನಾಲ್ಕು ಮಂದಿ ಹೆಂಗಸರೇ.

ಸಹಿ ಮಾಡುವ ಮೊದಲು ಪತ್ರವನ್ನು ಗಟ್ಟಿಯಾಗಿ ಓದಿ ಕೇಳಿಸಿಕೊಳ್ಳಬೇಕೆಂಬುದು ಹಳೆಯ ಸಲಹೆ. ನಮ್ಮ ಪಾಲಿಗೆ ಅದಕ್ಕೆ ಶಾಸ್ತ್ರಾಧಾರವೂ ಇದೆ. ರೋಮಾಪುರದವರಿಗೆ ಬರೆದ ಪತ್ರವನ್ನು ತೆರ್ತ್ಯನು ಬರೆದುಕೊಂಡನು (16:22), ಪೌಲನು ಹೇಳಿ ಬರೆಯಿಸಿದನು. ಈ ಪತ್ರಗಳು ಬಾಯಿಂದ ಹೊರಟು ಕಿವಿಗೆ ಸೇರಿದವು. ಓದುವಾಗ ಉಸಿರು ಸಾಲದ ವಾಕ್ಯವನ್ನು ಎರಡಾಗಿ ಮುರಿಯಿರಿ. ಎದುರಿಗೆ ಕುಳಿತ ಮನುಷ್ಯನಿಗೆ ಹೇಳಲು ನಾಚಿಕೆಯಾಗುವ ಮಾತು ಕಾಗದದಲ್ಲಿದ್ದರೆ ಅಲ್ಲಿಗೇ ಲೇಖನಿಯನ್ನು ಇಡಿ.

ಕಠಿಣವಾದ ಸಂಗತಿಯನ್ನು ತಿಳಿಸುವ ಪತ್ರವನ್ನು ಅಂಚೆಗೆ ಹಾಕಿ, ಅಥವಾ ಈಗಿನ ರೂಢಿಯಂತೆ ವಾಟ್ಸ್ಆ್ಯಪಿನಲ್ಲಿ ರವಾನಿಸಿ, ಸುಮ್ಮನಾಗಬಾರದು. ಯೆರೂಸಲೇಮಿನವರು ತಮ್ಮ ಸುತ್ತೋಲೆಯ ಜೊತೆಗೆ ಬಾರ್ಸಬ್ಬನೆನಿಸಿಕೊಂಡ ಯೂದನನ್ನೂ ಸೀಲನನ್ನೂ ಕಳುಹಿಸಿದರು. ಪತ್ರದಲ್ಲಿರುವುದನ್ನೇ ಇವರು ಬಾಯಿಮಾತಿನಿಂದಲೂ ಹೇಳುವರೆಂದು ಪತ್ರದೊಳಗೇ ಬರೆದರು. ಅಂತಿಯೋಕ್ಯದವರು ಕೂಡಿಬಂದು ಅದನ್ನು ಓದಿ ಸಂತೋಷಪಟ್ಟರು. ಯೂದನೂ ಸೀಲನೂ ಆ ದಿನವೇ ಹಿಂದಿರುಗಲಿಲ್ಲ. ಕೆಲವು ಕಾಲ ಅಲ್ಲಿದ್ದು, ಸಹೋದರರೊಡನೆ ಮಾತನಾಡಿ, ಆಮೇಲೆ ಸಮಾಧಾನದಿಂದ ಬೀಳ್ಕೊಂಡರು.